ಬಾಣ, ಬಾಣ

"ಕೇಳಲೂ ಇಲ್ಲ!" ಎಂದು ಸಾಸಿವೆ ಕಿರುಚಿದಳು. "ಪಾಸ್‌ವರ್ಡ್ ಏನು ಅಂತ ಕೇಳೋ ಮರ್ಯಾದೆನೂ ಇಲ್ಲ ಇದಕ್ಕೆ!"

ಕಂಪ್ಯೂಟರಿನ ಪರದೆಯ ಮೇಲೆ ಒಂದೇ ಸಾಲು ಬಂದಿತ್ತು. ಪರ್ಮಿಷನ್ ಡಿನೈಡ್. ಅಂದರೆ, ಒಳಗೆ ಬಿಡುವುದಿಲ್ಲ.

ಸೋಫಾದಲ್ಲಿ ಮಲಗಿದ್ದ ಅಪ್ಪ ಮುಖದ ಮೇಲಿನ ಪೇಪರ್ ಸರಿಸದೆಯೇ ಕೇಳಿದ, "ಯಾರಿಗೆ ಮರ್ಯಾದೆ ಇಲ್ಲ?"

"ಕಪಾಟಿಗೆ."

"ಒಂದು ಒದಿ. ನಮ್ಮ ಬಸ್ಸಿನ ಹಿಂದಿನ ಬಾಗಿಲು ತೆಗೆಯೋದೇ ಹಾಗೆ."

ಅಪ್ಪ ಬಸ್ ಡ್ರೈವರ್. ರಾತ್ರಿ ಪಾಳಿ ಮುಗಿಸಿ ಬಂದ ದಿನ ಅಪ್ಪನ ಬಾಯಿಂದ ಇದಕ್ಕಿಂತ ಒಳ್ಳೆಯ ಸಲಹೆ ಬರುವುದಿಲ್ಲ ಎಂದು ಸಾಸಿವೆಗೆ ಗೊತ್ತಿತ್ತು.

ಕಪಾಟು ಎಂದರೆ ನಿಜವಾದ ಕಪಾಟಲ್ಲ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಗುಂಯ್ ಎನ್ನುವ ಒಂದು ಕಂಪ್ಯೂಟರ್. ಅದಕ್ಕೆ ಪರದೆ ಇಲ್ಲ, ಕೀಬೋರ್ಡ್ ಇಲ್ಲ. ಮನೆಯವರ ಫೋಟೊ, ಪಾಠ, ಚಿತ್ರ ಎಲ್ಲ ಅದರ ಹೊಟ್ಟೆಯಲ್ಲಿ. ಸಾಸಿವೆ ಬರೆಯುತ್ತಿದ್ದ 'ಹಾರುವ ಹಲ್ಲಿ' ಕಾಮಿಕ್ಸ್ ಕೂಡ ಅಲ್ಲೇ.

ಅಮ್ಮ ಲೈಬ್ರರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾಳೆ. ಅಲ್ಲಿ ಹಳತಾದವು ಎಂದು ಮೂಲೆಗೆ ಹಾಕಿದ್ದರಲ್ಲಿ ಮೂರನ್ನು ಕೇಳಿ ಮನೆಗೆ ತಂದಿದ್ದಳು. ಕಪಾಟಿನಲ್ಲಿ, ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಆಗಿ ಫ್ರೀಬಿಎಸ್‌ಡಿ ಹಾಕಿದಳು. ಮನೆಗೂ ಇಂಟರ್‌ನೆಟ್‌ಗೂ ನಡುವೆ ಕಾವಲು ಕೂರುವ ಪುಟ್ಟ ಪೆಟ್ಟಿಗೆಗೆ ಓಪನ್‌ಬಿಎಸ್‌ಡಿ. ಹಾಲ್‌ನಲ್ಲಿ ಮಕ್ಕಳು ಬಳಸುವ ಹಳೇ ಲ್ಯಾಪ್‌ಟಾಪಿಗೆ ನೆಟ್‌ಬಿಎಸ್‌ಡಿ.

"ಮೂರೂ ಒಂದೇ ಅಜ್ಜಿಯ ಮೊಮ್ಮಕ್ಕಳು," ಎಂದು ಅಮ್ಮ ಹೇಳಿದ್ದಳು. "ಮೂಗು ಒಂದೇ ಥರ. ಬುದ್ಧಿ ಮಾತ್ರ ಒಂದೊಂದರದು ಒಂದೊಂದು ಥರ."

ಆ ಉದ್ದ ಹೆಸರುಗಳು ಸಾಸಿವೆಯ ನಾಲಿಗೆಗೆ ಹತ್ತಲಿಲ್ಲ. ಹಾಗಾಗಿ ಅವಳೇ ನಾಮಕರಣ ಮಾಡಿದ್ದಳು. ಕಪಾಟು, ಬಾಗಿಲು, ಆಮೆ. ಆಮೆ ಯಾವುದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ಆನ್ ಮಾಡಿ ಹಲ್ಲುಜ್ಜಿ ಬರಬಹುದು.

ಈಗ ಆಮೆಯ ಮುಂದೆ ಕೂತು ಕಪಾಟಿನ ಒಳಗೆ ಹೋಗಲು ನೋಡಿದರೆ, ಅದು ಅವಳನ್ನು ಗುರುತೇ ಇಲ್ಲದವಳ ಹಾಗೆ ಓಡಿಸುತ್ತಿತ್ತು.

"ಏನಾಯ್ತು?" ಎನ್ನುತ್ತ ಅಕ್ಕ ಬಂದಳು.

ಅಕ್ಕ ಸಾಸಿವೆಯ ಸ್ವಂತ ಅಕ್ಕ ಅಲ್ಲ, ದೊಡ್ಡಮ್ಮನ ಮಗಳು. ದೊಡ್ಡಮ್ಮನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿ ಮನೆ ಸಿಗುವವರೆಗೆ ಅಕ್ಕ ಇಲ್ಲಿ. ಇದೇ ಸ್ಕೂಲು, ಒಂದು ಕ್ಲಾಸು ಮೇಲೆ.

"ಸರಿ, ಸ್ವಲ್ಪ ಜಾಗ ಬಿಡು," ಎಂದು ಅಕ್ಕ ಬಗ್ಗಿ, ಎರಡು ಗುಂಡಿ ಒಟ್ಟಿಗೆ ಒತ್ತಿ ತನ್ನ ಖಾತೆಯ ಪರದೆಗೆ ಹೋದಳು. ಒಂದು ಸಾಲು ಟೈಪ್ ಮಾಡಿದಳು. ಎಂಟರ್ ಒತ್ತಿದಳು.

ಟಪ್. ಕಪಾಟು ತೆರೆದುಕೊಂಡಿತು. ಪಾಸ್‌ವರ್ಡ್ ಕೇಳಲಿಲ್ಲ, ಏನೂ ಕೇಳಲಿಲ್ಲ. ಮನೆ ಅಳಿಯ ಬಂದ ಹಾಗೆ ಒಳಗೆ ಕರೆದುಕೊಂಡಿತು.

"ನಿಂಗೇನು ಬೇಕು ಹೇಳು, ನಾನು ತೆಗ್ದು ಕೊಡ್ತೀನಿ," ಎಂದಳು ಅಕ್ಕ.

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಅದೇ ಸಾಸಿವೆಯ ಮೈಯೆಲ್ಲ ಉರಿಸಿದ್ದು. ತನ್ನ ಮನೆ, ತಾನೇ ಹೆಸರಿಟ್ಟ ಕಪಾಟು, ತನ್ನದೇ ಹಲ್ಲಿ. ಇವಳು ತೆಗೆದು ಕೊಡುತ್ತಾಳಂತೆ!

"ಏನೂ ಬೇಡ," ಎಂದಳು.

"ಹಾಗಾದ್ರೆ ನಾನು ಸ್ನಾನಕ್ಕೆ ಹೋಗ್ತೀನಿ," ಎಂದು ಅಕ್ಕ ಕಪಾಟಿನಿಂದ ಹೊರಗೆ ಬಂದಳು. ಆದರೆ ಆಮೆಯಲ್ಲಿ ತನ್ನ ಖಾತೆಯನ್ನು ಮುಚ್ಚುವುದು ಮರೆತಳು. ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟೇ ಹೋದಳು.

ಸಾಸಿವೆ ಆ ತೆರೆದ ಪರದೆಯನ್ನೇ ನೋಡುತ್ತ ಕೂತಳು.

ಎಲ್ಲ ಶುರುವಾದದ್ದು ನಿನ್ನೆ ಸಂಜೆ. "ಈ ಪಾಸ್‌ವರ್ಡ್ ಸಹವಾಸ ಸಾಕು. ಎಲ್ಲರಿಗೂ ಕೀ ಮಾಡೋಣ," ಎಂದಿದ್ದಳು ಅಮ್ಮ. ಪಾಸ್‌ವರ್ಡನ್ನು ಯಾರಾದರೂ ಊಹಿಸಬಹುದು, ಹಿಂದೆ ನಿಂತು ಕದ್ದು ನೋಡಬಹುದು. ಕೀ ಹಾಗಲ್ಲ, ಅದು ಜೋಡಿಯಾಗಿ ಹುಟ್ಟುತ್ತದೆ. ಒಂದು ಪಬ್ಲಿಕ್, ಒಂದು ಪ್ರೈವೇಟ್.

"ಪಬ್ಲಿಕ್ ಅಂದ್ರೆ ಬೀಗ ಅನ್ಕೋ," ಎಂದು ಅಮ್ಮ ವಿವರಿಸುತ್ತಿದ್ದಳು. "ಅದನ್ನ ಯಾರಿಗೆ ಬೇಕಾದ್ರೂ ಕೊಡಬಹುದು. ಪ್ರೈವೇಟ್ ಅಂದ್ರೆ ಆ ಬೀಗದ ಕೀಲಿಕೈ. ಅದು ನಿನ್ನ ಹತ್ರಾನೇ ಇರ್ಬೇಕು. ನಂಗೂ ತೋರಿಸ್ಬಾರ್ದು."

ವಿವರಿಸುತ್ತಿದ್ದದ್ದು ಸಾಸಿವೆಗಲ್ಲ, ಅಕ್ಕನಿಗೆ. ಅಮ್ಮನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದವಳು ಅಕ್ಕ. ಸಾಸಿವೆ ಊಟದ ಮೇಜಿನಲ್ಲಿ ಭಿನ್ನರಾಶಿಯ ಲೆಕ್ಕ ಮಾಡುತ್ತ, ಅಂದರೆ ಮಾಡುವ ಹಾಗೆ ನಟಿಸುತ್ತ, ಕಿವಿಯನ್ನು ಮಾತ್ರ ಅತ್ತ ಇಟ್ಟಿದ್ದಳು. ಮೊದಲೆಲ್ಲ ಆ ಸ್ಟೂಲು ಅವಳದು. ಅಮ್ಮ ಏನಾದರೂ ಟೈಪ್ ಮಾಡಿ, "ಹೂಂ, ಈಗ ಒತ್ತು" ಎಂದರೆ ಎಂಟರ್ ಒತ್ತುವ ಕೆಲಸವೂ ಅವಳದೇ.

ಅಕ್ಕನ ಕೀ ಹುಟ್ಟಿದಾಗ ಪರದೆಯ ಮೇಲೆ ಚುಕ್ಕಿ, ಪ್ಲಸ್ಸು, ಸೊನ್ನೆಗಳಿಂದ ಒಂದು ಚೌಕದೊಳಗೆ ಚಿತ್ರ ಮೂಡಿತು. ಒಂದೊಂದು ಕೀಗೂ ಒಂದೊಂದು ಚಿತ್ರ ಬರುತ್ತದಂತೆ.

"ಮೀನಿನ ಥರ ಇದೆ ಚಿಕ್ಕಮ್ಮ!" ಎಂದಳು ಅಕ್ಕ.

"ಅರೆ, ಹೌದಲ್ಲ! ಬಾಲಾನೂ ಇದೆ," ಎಂದು ಅಮ್ಮ ನಕ್ಕಳು.

ಊಟದ ಮೇಜಿನಲ್ಲಿ ಪೆನ್ಸಿಲಿನ ಮೊನೆ ಮುರಿಯಿತು.

"ಈಗ ಬೀಗಾನ ಕಪಾಟಿಗೆ ಹಾಕು," ಎಂದಳು ಅಮ್ಮ. "ಫ್ರೀಬಿಎಸ್‌ಡಿಯಲ್ಲಿ ಅದಕ್ಕೆ ರೆಡಿಮೇಡ್ ಆಜ್ಞೆ ಇದೆ. ನಮ್ಮ ಆಮೆಯಲ್ಲಿ ಇಲ್ಲ, ಕೈಯಲ್ಲೇ ಬರೀಬೇಕು. ಕಪಾಟಿನಲ್ಲಿ ಬೀಗಗಳ ಪಟ್ಟಿ ಇರುತ್ತೆ. ಒಂದು ಬೀಗ ಅಂದ್ರೆ ಒಂದು ಸಾಲು. ನಿನ್ನ ಸಾಲು ಅಲ್ಲಿಗೆ ಹೋಗ್ಬೇಕು. ಬಾಣ ಹಾಕು. ಬಾಣ, ಬಾಣ. ಹಾಂ, ಜಾಣೆ!"

ಅಕ್ಕನ ಸಾಲು ಕಪಾಟಿಗೆ ಹೋಯಿತು, ಬಾಗಿಲಿಗೂ ಹೋಯಿತು. ಅಮ್ಮನದು ಮೊದಲೇ ಎರಡರಲ್ಲೂ ಇತ್ತು. ಮೊಬೈಲ್ ಬಿಟ್ಟು ಬೇರೇನನ್ನೂ ಮುಟ್ಟದ ಅಪ್ಪನಿಗೆ ಕೀ ಬೇಕಾಗಿರಲಿಲ್ಲ. ಆಮೇಲೆ ಅಮ್ಮ ಎರಡೂ ಯಂತ್ರಗಳಲ್ಲಿ ಪಾಸ್‌ವರ್ಡ್ ದಾರಿಯನ್ನು ಮುಚ್ಚಿಬಿಟ್ಟಳು.

"ನಂದು?" ಎಂದು ಕೇಳಿದ್ದಳು ಸಾಸಿವೆ.

"ನಾಳೆ ಮಾಡೋಣ ಪುಟ್ಟ. ಮೊದ್ಲು ಆ ಲೆಕ್ಕ ಮುಗಿಸು."

ಬೆಳಿಗ್ಗೆ ಅಮ್ಮನಿಗೆ ಅದು ನೆನಪೇ ಇರಲಿಲ್ಲ. ಶನಿವಾರ ಲೈಬ್ರರಿಯಲ್ಲಿ ಚಿಕ್ಕ ಮಕ್ಕಳಿಗೆ ಕತೆ ಹೇಳುವ ದಿನ. ಅವಸರದಲ್ಲಿ ಹೋಗುವಾಗ ಅಕ್ಕನ ಜಡೆಯ ರಿಬ್ಬನ್ ಸರಿ ಮಾಡಿದ್ದು ಮಾತ್ರ ಮರೆತಿರಲಿಲ್ಲ.

ಬಾತ್‌ರೂಮಿನಲ್ಲಿ ನೀರು ಬೀಳುವ ಸದ್ದು ಶುರುವಾಯಿತು.

ಸಾಸಿವೆ ತನ್ನ ಖಾತೆಯ ಪರದೆಗೆ ಹೋಗಿ ಕೀ ಮಾಡುವ ಆಜ್ಞೆ ಬರೆದಳು. ಕೇಳಿದ ಪ್ರಶ್ನೆಗಳಿಗೆಲ್ಲ ಎಂಟರ್, ಎಂಟರ್ ಎಂದು ಒತ್ತಿದಳು. ಆಮೆ ಒಂದು ಉಸಿರು ಎಳೆದುಕೊಂಡು ಚಿತ್ರ ತೋರಿಸಿತು. ಮೀನಲ್ಲ, ನವಿಲೂ ಅಲ್ಲ. ಯಾರೋ ಹೊಡೆದು ಗೋಡೆಗೆ ಅಂಟಿಸಿದ ಸೊಳ್ಳೆಯ ಹಾಗಿತ್ತು.

"ಇದರಲ್ಲೂ ಅವಳಿಗೇ ಒಳ್ಳೇದು," ಎಂದು ಗೊಣಗಿದಳು.

ತನ್ನ ಪಬ್ಲಿಕ್ ಸಾಲನ್ನು ಎಲ್ಲರೂ ಓದಬಹುದಾದ ಒಂದು ಫೋಲ್ಡರಿಗೆ ಹಾಕಿದಳು. ಮತ್ತೆ ಅಕ್ಕನ ಪರದೆಗೆ ಬಂದಳು. ಮೇಲಿನ ಬಾಣದ ಗುಂಡಿಯನ್ನು ಒತ್ತುತ್ತ ಹೋದರೆ ಹಿಂದೆ ಬರೆದ ಆಜ್ಞೆಗಳು ಒಂದೊಂದಾಗಿ ಬರುತ್ತವೆ ಎಂದು ಅವಳಿಗೆ ಗೊತ್ತಿತ್ತು. ಆದರೆ ನಿನ್ನೆಯ ಆಜ್ಞೆ ಬರಲಿಲ್ಲ. ನೆನಪಿನಿಂದಲೇ ಬರೆಯಬೇಕಾಯಿತು.

ಸಾಲಿನ ಕೊನೆಗೆ ಬಂದಾಗ ಅಮ್ಮನ ಮಾತು ನೆನಪಾಯಿತು. ಬಾಣ ಹಾಕು. ಬಾಣ, ಬಾಣ.

ಅಮ್ಮ ಏನು ಹೇಳಿದರೂ ಎರಡೆರಡು ಸಲ ಹೇಳುತ್ತಾಳೆ. ಬೇಗ, ಬೇಗ. ಚಪ್ಪಲಿ, ಚಪ್ಪಲಿ. ಅದು ಅಮ್ಮನ ರೂಢಿ.

ಸಾಸಿವೆ ಒಂದು ಬಾಣ ಹಾಕಿದಳು: > ಹೀಗೆ. ಎಂಟರ್ ಒತ್ತಿದಳು.

ಯಾವ ತಕರಾರೂ ಬರಲಿಲ್ಲ. ತನ್ನ ಪರದೆಗೆ ಓಡಿ, ಕಪಾಟನ್ನು ಕರೆದಳು. ಟಪ್.

ತೆರೆಯಿತು! ಹಲ್ಲಿ ಅಲ್ಲೇ ಇತ್ತು, ಹೋದ ವಾರ ಬಿಟ್ಟ ಕಡೆ, ಒಂದು ರೆಕ್ಕೆ ಬಣ್ಣ ಇಲ್ಲದೆ. ಸಾಸಿವೆ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದಳು. ಇನ್ನು ಯಾರೂ ತೆಗೆದು ಕೊಡಬೇಕಾಗಿಲ್ಲ.

ಅಷ್ಟರಲ್ಲಿ ಅಪ್ಪನ ಫೋನ್ ಬಡಿದುಕೊಂಡಿತು. ಅಪ್ಪ ಪೇಪರಿನ ಕೆಳಗಿಂದ ಕೈ ಮಾತ್ರ ಹೊರಗೆ ಹಾಕಿ, ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬರುತ್ತಿದ್ದ ಅಕ್ಕನಿಗೆ ಅದನ್ನು ಕೊಟ್ಟ. ಅಕ್ಕ ಸ್ಪೀಕರ್ ಹಾಕಿ, "ಹೇಳಿ ಚಿಕ್ಕಮ್ಮ," ಎಂದಳು.

"ಲೇ, ಕೇಳಿಸ್ತಿದ್ಯಾ?" ಅಮ್ಮನ ದನಿ. ಹಿಂದೆ ಮಕ್ಕಳ ಗಲಾಟೆ. "ಇವತ್ತಿನ ಕತೆಯ ಚಿತ್ರಗಳನ್ನ ಪೆನ್‌ಡ್ರೈವಿಗೆ ಹಾಕ್ಕೊಳ್ಳೋದು ಮರ್ತೆ. ಇಲ್ಲಿಂದ ತೆಗೆಯೋಣ ಅಂದ್ರೆ, ಬಾಗಿಲು ಒಳಗೆ ಬಿಡ್ತಿದೆ, ಕಪಾಟು ಬಿಡ್ತಿಲ್ಲ. ಮಕ್ಕಳೆಲ್ಲ ಬಂದು ಕೂತಾಗಿದೆ. ನೀನೊಂದು ಸಲ ಟ್ರೈ ಮಾಡು."

ಅಕ್ಕ ತನ್ನ ಪರದೆಗೆ ಹೋಗಿ ಟೈಪ್ ಮಾಡಿದಳು. ಪರ್ಮಿಷನ್ ಡಿನೈಡ್.

ಅದನ್ನು ಸಾಸಿವೆಯೂ ಬಗ್ಗಿ ನೋಡಿದಳು. ಸುಳ್ಳು ಯಾಕೆ, ಖುಷಿಯೇ ಆಯಿತು. ಈಗ ಗೊತ್ತಾಗಲಿ ಹೇಗಿರುತ್ತದೆ ಅಂತ!

ಅಕ್ಕ ಮತ್ತೊಮ್ಮೆ ಟೈಪ್ ಮಾಡಿದಳು. ಮತ್ತೊಮ್ಮೆ. ಟವೆಲ್ ಜಾರಿ ಕೆಳಗೆ ಬಿತ್ತು. ಅವಳು ಎತ್ತಿಕೊಳ್ಳಲಿಲ್ಲ.

"ಬರ್ತಿಲ್ಲ ಚಿಕ್ಕಮ್ಮ," ಎಂದಳು. ದನಿ ಸಣ್ಣದಾಗಿತ್ತು. "ಸ್ನಾನಕ್ಕೆ ಹೋಗೋ ಮೊದ್ಲು ನಾನೇ ಲಾಸ್ಟ್ ಮುಟ್ಟಿದ್ದು. ಏನೋ ಕೆಡಿಸಿಬಿಟ್ಟೆ ಅನ್ಸುತ್ತೆ. ಸಾರಿ ಚಿಕ್ಕಮ್ಮ. ಇನ್ಮೇಲೆ ನಾನು ಕಂಪ್ಯೂಟರ್ ಮುಟ್ಟಲ್ಲ. ನಿಜವಾಗ್ಲೂ ಮುಟ್ಟಲ್ಲ."

"ಛೆ, ಅಳೋದ್ಯಾಕೆ? ಇರು, ಯೋಚನೆ ಮಾಡ್ತೀನಿ."

ಅಕ್ಕ ಅಳುವುದನ್ನು ಸಾಸಿವೆ ಇದುವರೆಗೂ ನೋಡಿರಲಿಲ್ಲ. ದೊಡ್ಡಮ್ಮ ಬಿಟ್ಟು ಹೋದ ದಿನವೂ ಅವಳು ಗೇಟಿನವರೆಗೆ ಹೋಗಿ ಕೈ ಬೀಸಿ, ಒಳಗೆ ಬಂದು ಎಲ್ಲರ ತಟ್ಟೆ ತೊಳೆದಿದ್ದಳು. ಈಗ ಯಾರೂ ಬೈಯದೆಯೇ ಕ್ಷಮೆ ಕೇಳುತ್ತಿದ್ದಳು, ಪರರ ಮನೆಯಲ್ಲಿ ಗಾಜಿನ ಲೋಟ ಒಡೆದವಳ ಹಾಗೆ.

ಸಾಸಿವೆಯ ಖುಷಿ ಅಲ್ಲಿಗೇ ಮುಗಿಯಿತು.

"ಅಮ್ಮ," ಎಂದಳು ಸಾಸಿವೆ. "ನಂಗೆ ಕಪಾಟು ತೆಗೆಯುತ್ತೆ."

ಅಮ್ಮ ನಿಧಾನವಾಗಿ ಕೇಳಿದಳು, "ನಿನ್ನ ಕೀ ಇನ್ನೂ ಹಾಕೇ ಇಲ್ವಲ್ಲ?"

"ನಾನೇ ಹಾಕ್ಕೊಂಡೆ. ಅಕ್ಕ ಸ್ನಾನಕ್ಕೆ ಹೋದಾಗ. ಅವಳ ಪರದೆಯಿಂದ."

ಅಕ್ಕ ತಲೆ ಎತ್ತಿ ನೋಡಿದಳು. ಸಾಸಿವೆ ಅವಳ ಕಡೆ ತಿರುಗಲಿಲ್ಲ.

"ಎಷ್ಟು ಬಾಣ ಹಾಕಿದೆ?"

"ಒಂದು. ನೀನು ಬಾಣ ಅಂದ್ಯಲ್ಲ."

"ಬಾಣ, ಬಾಣ ಅಂದೆ! ಎರಡು!"

"ನೀನು ಎಲ್ಲಾನೂ ಎರಡೆರಡು ಸಲ ಹೇಳ್ತೀಯ!"

ಪೇಪರಿನ ಕೆಳಗಿಂದ ಅಪ್ಪ, "ಅದು ಮಾತ್ರ ನಿಜ, ನಿಜ," ಎಂದ.

"ನೀವು ಸುಮ್ನಿರ್ತೀರಾ?" ಎಂದಳು ಅಮ್ಮ. "ಕೇಳು. ಎರಡು ಬಾಣ ಹಾಕಿದ್ರೆ ಇರೋ ಪಟ್ಟಿಯ ಕೆಳಗೆ ಹೊಸ ಸಾಲು ಸೇರುತ್ತೆ. ಒಂದೇ ಹಾಕಿದ್ರೆ ಹಳೇದೆಲ್ಲ ಅಳಿಸಿ ಹೊಸದಷ್ಟೇ ಉಳಿಯುತ್ತೆ. ಕಪಾಟಿನಲ್ಲಿ ಈಗ ನನ್ನ ಬೀಗವೂ ಇಲ್ಲ, ಅಕ್ಕಂದೂ ಇಲ್ಲ. ಇಡೀ ಮನೇಲಿ ನೀನೊಬ್ಬಳೇ ಒಳಗೆ ಹೋಗೋಳು."

ನೀನೊಬ್ಬಳೇ. ಬೆಳಿಗ್ಗೆ ಯಾರಾದರೂ ಹೀಗೆಂದಿದ್ದರೆ ಸಾಸಿವೆ ಕುಣಿಯುತ್ತಿದ್ದಳು.

"ಬೈಯೋದು ಮನೆಗೆ ಬಂದ ಮೇಲೆ," ಎಂದಳು ಅಮ್ಮ. "ಈಗ ಇಬ್ರೂ ಸೇರಿ ಇದನ್ನ ಸರಿ ಮಾಡಿ. ನಮ್ಮ ಎರಡು ಸಾಲೂ ಬಾಗಿಲಿನ ಪಟ್ಟಿಯಲ್ಲಿ ಹಾಗೇ ಇವೆ. ಬಾಗಿಲಿಗೆ ಅಕ್ಕ ಹೋಗ್ಬಹುದು, ನೀನು ಹೋಗಕ್ಕಾಗಲ್ಲ. ಕಪಾಟಿಗೆ ನೀನು ಹೋಗ್ಬಹುದು, ಅವಳು ಹೋಗಕ್ಕಾಗಲ್ಲ. ಅರ್ಥ ಆಯ್ತಲ್ಲ?"

ಅಕ್ಕ ಕಣ್ಣೊರೆಸಿಕೊಂಡು ಕುರ್ಚಿಯ ಅರ್ಧದಲ್ಲಿ ಕೂತಳು. ಉಳಿದರ್ಧದಲ್ಲಿ ಸಾಸಿವೆ. ಅಕ್ಕ ಬಾಗಿಲಿನಿಂದ ಪಟ್ಟಿಯನ್ನು ತರಿಸಿ ಆಮೆಯಲ್ಲಿ ಇಟ್ಟಳು.

"ಇಲ್ಲಿ ಒಂದೇ ಬಾಣ ಸಾಕು," ಎಂದಳು, ಸಾಸಿವೆಯ ಮುಖ ನೋಡದೆ. "ಇದು ಹೊಸ ಫೈಲು. ಅಳಿಸೋಕೆ ಏನೂ ಇಲ್ಲ."

"ಹೂಂ."

ಈಗ ಸಾಸಿವೆಯ ಸರದಿ. ತನ್ನ ಪರದೆಗೆ ಹೋಗಿ, ಆ ಪಟ್ಟಿಯನ್ನು ಕಪಾಟಿಗೆ ಕಳಿಸುವ ಸಾಲನ್ನು ಬರೆದಳು. ಕೊನೆಯಲ್ಲಿ >> ಎಂದು ಹಾಕಿದಳು. ಎಂಟರ್ ಒತ್ತುವ ಮೊದಲು ಬೆರಳಿಟ್ಟು ಎಣಿಸಿದಳು. ಅಕ್ಕನೂ ಬಗ್ಗಿ ಎಣಿಸಿದಳು.

"ಎರಡು," ಎಂದಳು ಅಕ್ಕ.

ಒತ್ತಿದಳು.

"ಬಂತು, ಬಂತು!" ಎಂದು ಅಮ್ಮ ಫೋನಿನಲ್ಲೇ ಕೂಗಿದಳು. ಅದರ ಹಿಂದೆಯೇ, ಅಲ್ಲಿನ ಪುಟ್ಟ ಮಕ್ಕಳಿಗೆ, "ಕೂತ್ಕೊಳ್ಳಿ, ಕೂತ್ಕೊಳ್ಳಿ," ಎನ್ನುವುದೂ ಕೇಳಿಸಿತು. ಫೋನ್ ಕಟ್ಟಾಯಿತು.

ಅಪ್ಪನ ಗೊರಕೆಗೆ ಪೇಪರ್ ಮೇಲೆ ಕೆಳಗೆ ಆಡುತ್ತಿತ್ತು.

"ನಾನು ನಿನ್ನ ಸಾಲನ್ನ ಅಳಿಸ್ಬೇಕು ಅಂತ ಮಾಡ್ಲಿಲ್ಲ," ಎಂದಳು ಸಾಸಿವೆ.

"ಗೊತ್ತು."

"ಆದ್ರೆ ಅಳಿಸಿದ್ದು ನೋಡಿ ಸ್ವಲ್ಪ ಖುಷಿ ಆಯ್ತು. ಸ್ವಲ್ಪ ಹೊತ್ತು."

ಅಕ್ಕ ಬಿದ್ದಿದ್ದ ಟವೆಲ್ ಎತ್ತಿ ಮಡಚತೊಡಗಿದಳು.

ಸಾಸಿವೆ ಕಪಾಟಿನ ಪಟ್ಟಿಯನ್ನು ತೆರೆದಳು. ಎಲ್ಲ ಸರಿಯಾಗಿದೆಯಾ ಎಂದು ನೋಡಲು. ಮೂರು ಉದ್ದದ ಸಾಲುಗಳು, ಬೆಕ್ಕು ಕೀಬೋರ್ಡಿನ ಮೇಲೆ ನಡೆದ ಹಾಗೆ ಅಕ್ಷರ, ಅಂಕಿ. ಪ್ರತಿ ಸಾಲಿನ ಕೊನೆಯಲ್ಲಿ ಮಾತ್ರ ಓದಲು ಬರುವ ಒಂದು ಹೆಸರು, ಅದು ಯಾರ ಬೀಗ ಎಂದು ತಿಳಿಯಲು. ಮೊದಲ ಸಾಲಿನ ತುದಿಯಲ್ಲಿ 'ಸಾಸಿವೆ'. ಎರಡನೆಯದರಲ್ಲಿ 'ಅಮ್ಮ'.

ಮೂರನೆಯದರಲ್ಲಿ 'ಅತಿಥಿ'.

"ಇದ್ಯಾರು ಅತಿಥಿ?"

"ನಾನೇ."

"ಅಮ್ಮ ಹಾಗೆ ಹಾಕಿದ್ಲಾ?"

"ಇಲ್ಲ. ಚಿಕ್ಕಮ್ಮ, ನಿಂಗೇನು ಹೆಸರು ಬೇಕು ಅಂತ ಕೇಳಿದ್ರು. ನಾನೇ ಅದನ್ನ ಹೇಳ್ದೆ." ಅಕ್ಕ ಟವೆಲನ್ನು ಇನ್ನೂ ಚಿಕ್ಕದಾಗಿ ಮಡಚಿದಳು. "ನಮ್ಮಮ್ಮಂಗೆ ಅಲ್ಲಿ ಮನೆ ಸಿಕ್ಕಿದ್ಮೇಲೆ ಹೋಗ್ತೀನಲ್ಲ. ಆಗ ಯಾವ ಸಾಲು ಅಳಿಸ್ಬೇಕು ಅಂತ ಹುಡುಕೋಕೆ ಸುಲಭ ಆಗ್ಲಿ ಅಂತ."

ಸಾಸಿವೆ ಆ ಪದವನ್ನೇ ನೋಡಿದಳು. ನಿನ್ನೆ ಸಂಜೆ ಮೀನು ಎಂದು ನಗುತ್ತ ಸ್ಟೂಲಿನ ಮೇಲೆ ಕೂತಿದ್ದವಳು, ನಗುವ ಮೊದಲೇ ಈ ಹೆಸರನ್ನು ಆರಿಸಿಕೊಂಡಿದ್ದಳು.

"ಈ ಹೆಸರು ಬದಲಾಯಿಸಿದ್ರೆ ಬೀಗ ಕೆಡುತ್ತಾ?"

"ಇಲ್ಲ. ಅದು ಬರೀ ಗುರುತಿಗೆ ಅಂಟಿಸಿದ ಚೀಟಿ ಅಂತೆ."

ಕಪಾಟಿನಲ್ಲಿ ಬರೆಯಲು ಒಂದು ಪುಟ್ಟ ಎಡಿಟರ್ ಇದೆ. ಅದರ ಹೆಸರು 'ಈ ಈ', ಯಾರೋ ಹಲ್ಲು ಕಿರಿದ ಹಾಗೆ. ಸಾಸಿವೆ ಅದರಲ್ಲಿ ಪಟ್ಟಿಯನ್ನು ತೆರೆದು, ಮೂರನೆಯ ಸಾಲಿನ ತುದಿಗೆ ಹೋಗಿ, ಒಂದೊಂದೇ ಅಕ್ಷರ ಅಳಿಸಿದಳು. ಬೇರೆ ಏನೂ ಅಳಿಸಿಹೋಗದ ಹಾಗೆ, ಬಹಳ ಜಾಗ್ರತೆಯಿಂದ.

"ನಿಮ್ಮ ಮನೇಲಿ ನಿನ್ನ ಏನಂತ ಕರೀತಾರೆ?"

ಇಷ್ಟು ದಿನ ಇದನ್ನು ಕೇಳಬೇಕೆಂದು ಅವಳಿಗೆ ಹೊಳೆದಿರಲೇ ಇಲ್ಲ.

"ನಗ್ತೀಯ ನೀನು."

"ನಗಲ್ಲ."

"ಮುಚ್ಚಳ."

ಸಾಸಿವೆ ತುಟಿ ಕಚ್ಚಿಕೊಂಡಳು. ಆದರೂ ಮೂಗಿನಿಂದ ಒಂದು ಸದ್ದು ಹೊರಗೆ ಬಂತು.

"ನೋಡು, ನಕ್ಕೆ! ಚಿಕ್ಕವಳಿದ್ದಾಗ ಅಡುಗೆಮನೆಯ ಡಬ್ಬಿಗಳ ಮುಚ್ಚಳ ಎಲ್ಲಾ ಎತ್ಕೊಂಡು ಹೋಗಿ ಬಚ್ಚಿಡ್ತಿದ್ನಂತೆ. ಅಮ್ಮ ಇನ್ನೂ ಹಾಗೇ ಕರೀತಾಳೆ. ನಿಮ್ಮಪ್ಪಂಗೆ ಹೇಳ್ಬೇಡ, ಬಸ್ಸಲ್ಲಿ ಎಲ್ರಿಗೂ ಹೇಳ್ತಾರೆ."

"ಮುಚ್ಚಳಕ್ಕೆ ಇಂಗ್ಲಿಷಲ್ಲಿ ಎಷ್ಟು ಸಿ?"

"ಎರಡು."

"ಎಚ್?"

"ಒಂದು ಸಾಕು. ಬೇಕಾದ್ರೆ ಎರಡು ಹಾಕು. ಯಾರು ಕೇಳ್ತಾರೆ?"

ಸಾಸಿವೆ ಟೈಪ್ ಮಾಡಿದಳು. ಸೇವ್ ಮಾಡಿದಳು. ಅಕ್ಕ ತನ್ನ ಪರದೆಗೆ ಹೋಗಿ ಕಪಾಟನ್ನು ಕರೆದಳು.

ಟಪ್.

ಅಕ್ಕ ಪಟ್ಟಿಯನ್ನು ತೆಗೆದು ಕೊನೆಯ ಸಾಲಿನ ತುದಿಯನ್ನು ನೋಡಿದಳು. ಎಷ್ಟೋ ಹೊತ್ತು ನೋಡುತ್ತಲೇ ಇದ್ದಳು. ಅವಳ ಒದ್ದೆ ಕೂದಲಿನಿಂದ ಸಾಸಿವೆಯ ತೋಳಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅರ್ಧ ಕುರ್ಚಿಯಲ್ಲಿ ಕೂತ ಸಾಸಿವೆಯ ಒಂದು ಕಾಲು ಜೋಮು ಹಿಡಿದಿತ್ತು.

ಅವಳು ಕಾಲು ಅಲುಗಿಸಲಿಲ್ಲ. ಅಕ್ಕ ಓದಿ ಮುಗಿಸಲಿ ಎಂದು ಹಾಗೇ ಕೂತಿದ್ದಳು.